71ರ ಅಮ್ಮ, 5ರ ಮಗಳು, ಇಬ್ಬರಿಗೂ ಒಂದೇ ಸಿನಿಮಾ ಹಿಡಿಸಿತು: ‘ಟೊಟೊರೊ’ದಲ್ಲಿ ಅಂಥದ್ದೇನಿದೆ?

ಒಂಟಿಕೊಪ್ಪಲು_ಹುಡುಗ · ಭಾನುವಾರ, ರಾತ್ರಿ 9:50

ನಮ್ಮ ಮನೆಯಲ್ಲಿ ರಿಮೋಟ್ ವಿಷಯಕ್ಕೆ ಮೂರು ಪಕ್ಷ. ಅಮ್ಮನಿಗೆ 71 ವರ್ಷ, ಸಂಜೆಯಾದರೆ ಧಾರಾವಾಹಿ. ಮಗಳಿಗೆ 5, ಅವಳಿಗೆ ಯಾವ ಹೊತ್ತಿಗೂ ಕಾರ್ಟೂನ್. ಇಬ್ಬರೂ ಮಲಗಿದ ಮೇಲೆ ನಾನು. ಮೂವರೂ ಒಟ್ಟಿಗೆ ಕೂತು ಒಂದು ಸಿನಿಮಾವನ್ನು ಕೊನೆತನಕ ನೋಡಿದ್ದು ನನಗೆ ನೆನಪಿಲ್ಲ. ಇವತ್ತು ಅದು ಆಯಿತು. ಸಿನಿಮಾ ‘ಮೈ ನೇಬರ್ ಟೊಟೊರೊ’. ನಿರ್ದೇಶನ ಹಯಾವೊ ಮಿಯಾಜಾಕಿ, 1988.

ನೋಡದವರಿಗೆ ನಾಲ್ಕು ಸಾಲು. 1950ರ ದಶಕದ ಜಪಾನ್. ಸಾತ್ಸುಕಿ, 4 ವರ್ಷದ ಮೇಯಿ, ಇಬ್ಬರು ಅಕ್ಕತಂಗಿಯರು. ಅಪ್ಪನ ಜೊತೆ ಟೋಕಿಯೊ ಹತ್ತಿರದ ಹಳ್ಳಿಯೊಂದರ ಹಳೇ ಮನೆಗೆ ಬರುತ್ತಾರೆ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ. ಮನೆ ಪಕ್ಕದ ಕಾಡಿನಲ್ಲಿ ಒಂದು ಭಾರಿ ಕರ್ಪೂರದ ಮರ. ಅದರ ಬುಡದಲ್ಲಿ ಟೊಟೊರೊ ಮಲಗಿದೆ. ಗೂಬೆ, ಕರಡಿ, ಬೆಕ್ಕು ಮೂರನ್ನೂ ಕಲಸಿ ಬೂದು ಬಣ್ಣ ಬಳಿದ ಹಾಗಿರುವ ಪ್ರಾಣಿ. ಕೆಟ್ಟವರು ಯಾರೂ ಇಲ್ಲ. ಹೊಡೆದಾಟ ಇಲ್ಲ. 86 ನಿಮಿಷ, ಮುಗೀತು.

ಮಗಳಿಗೆ ಅಂತ ಇಂಗ್ಲಿಷ್ ಮಾತು ಹಾಕಿದ್ದೆ. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಹಾಗಾಗಿ ಪಕ್ಕ ಕೂತು ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತಾ ಹೋದೆ. ಹತ್ತು ನಿಮಿಷ ಆಗಿರಬೇಕು. “ಸುಮ್ನಿರೋ, ಗೊತ್ತಾಗ್ತಿದೆ” ಅಂದರು. ಆಮೇಲೆ ನಾನು ಬಾಯಿ ಬಿಡಲಿಲ್ಲ.

ನನಗೆ ಆಶ್ಚರ್ಯ ಆಗಿದ್ದು ಇನ್ನೊಂದು. ಇಬ್ಬರೂ ಒಂದೇ ಜಾಗದಲ್ಲಿ ನಗಲಿಲ್ಲ, ಒಂದೇ ಜಾಗದಲ್ಲಿ ಹೆದರಲಿಲ್ಲ. ಟೊಟೊರೊ ಬಾಯಿ ಬಿಟ್ಟು ಗರ್ಜಿಸಿದಾಗ ಮಗಳು ಬಿದ್ದು ಬಿದ್ದು ನಕ್ಕಳು, ಅಮ್ಮನ ಮುಖದಲ್ಲಿ ಏನೂ ಇಲ್ಲ. ಮೇಯಿ ಅಳುಮೋರೆ ಹಾಕಿಕೊಂಡು ಅಕ್ಕನ ಶಾಲೆಯ ಹತ್ತಿರ ಬಂದು ನಿಲ್ಲುವ ಜಾಗ ಇದೆಯಲ್ಲ, ಅಲ್ಲಿ ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಲ್ಲಿ ಅಳುವಂಥದ್ದು ಏನೂ ಆಗಲ್ಲ. ಅಕ್ಕ ತಂಗಿಯನ್ನು ಕ್ಲಾಸಿನಲ್ಲಿ ಪಕ್ಕ ಕೂರಿಸಿಕೊಳ್ಳುತ್ತಾಳೆ, ತಂಗಿ ಚಿತ್ರ ಬರೆಯುತ್ತಾಳೆ. ಅಷ್ಟೇ.

ಎಲ್ಲ ವಯಸ್ಸಿನವರಿಗೂ ಆಗುವ ಸಿನಿಮಾ ಅಂತ ಪೋಸ್ಟರಿನ ಮೇಲೆ ಬರೆಯುವುದು ಸುಲಭ. ಇದು ನಿಜವಾಗಿ ಹೇಗೆ ಆಗುತ್ತದೆ? ನಿಮ್ಮ ಮನೆಯಲ್ಲಿ ಏನಾಯಿತು ಹೇಳಿ.

ಕಾಫಿಪುಡಿ · ರಾತ್ರಿ 10:05

ನಮ್ಮಲ್ಲಿ ಮೂರು ವರ್ಷದ ಮಗನಿಗೆ ಅದು ಬರೀ ‘ಬೆಕ್ಕಿನ ಬಸ್ಸು’. ಉಳಿದ ಸಿನಿಮಾ ಅವನ ಲೆಕ್ಕಕ್ಕೇ ಇಲ್ಲ. ಹನ್ನೆರಡು ಕಾಲು, ದೀಪದ ಬದಲು ಇಲಿಗಳು, ಒಳಗೆ ರೋಮದ ಸೀಟು. ಸೋಫಾದ ಮೇಲೆ ಬೆಕ್ಕಿನ ಹಾಗೆ ಕಾಲು ಮಡಚಿ ಕೂತು ನಮ್ಮನ್ನೆಲ್ಲ ಹತ್ತಿಸಿಕೊಳ್ಳುತ್ತಾನೆ. ಟಿಕೆಟ್ಟಿಗೆ ಬಿಸ್ಕತ್ತು ಕೊಡಬೇಕು.

ರಾತ್ರಿಪಾಳಿ · ರಾತ್ರಿ 10:31

ಎಲ್ಲರೂ ಹೊಗಳುವಾಗ ಒಬ್ಬನಾದರೂ ನಿಜ ಹೇಳಬೇಕು. ನನಗೆ ನಿದ್ದೆ ಬಂತು. ಎರಡು ಸಲ ಪ್ರಯತ್ನಪಟ್ಟೆ, ಎರಡೂ ಸಲ ಮಳೆಯಲ್ಲಿ ಬಸ್ ಸ್ಟಾಪಿನಲ್ಲಿ ನಿಂತಿರುವ ಜಾಗಕ್ಕೆ ಬಂದು ಮಲಗಿದೆ.

ಕಥೆಯೇ ಇಲ್ಲ ಸ್ವಾಮಿ. ಮನೆ ಬದಲಾಯಿಸುತ್ತಾರೆ, ಕಸ ಗುಡಿಸುತ್ತಾರೆ, ಸ್ನಾನ ಮಾಡುತ್ತಾರೆ, ಸೌತೆಕಾಯಿ ತಿನ್ನುತ್ತಾರೆ. ಕೊನೆಗೆ ಮಗು ಕಾಣೆಯಾಗುವಾಗ ಒಂದಿಷ್ಟು ಏನೋ ಆಗುತ್ತದೆ. ಇದನ್ನೇ ನಮ್ಮವರು ಯಾರಾದರೂ ತೆಗೆದಿದ್ದರೆ ‘ಲ್ಯಾಗ್’ ಅಂತ ಬೈತಿದ್ವಿ. ಜಪಾನ್ ಅಂದರೆ ‘ಆಹಾ, ಎಂಥ ಮೌನ’. ಇನ್ನೊಂದು, ಆ ಅಪ್ಪ. 4 ವರ್ಷದ ಮಗು ಕಾಡಿಗೆ ನುಗ್ಗಿದರೂ ಅವನು ತಲೆ ಎತ್ತದೆ ಕೂತು ಬರೀತಿದ್ದಾನೆ!

ಒಂಟಿಕೊಪ್ಪಲು_ಹುಡುಗ · ರಾತ್ರಿ 10:38

ಅಪ್ಪನ ವಿಷಯದಲ್ಲಿ ನಮ್ಮಮ್ಮ ಪೂರ್ತಿ ನಿಮ್ಮ ಪಕ್ಷ. “ಓದಿದ ಗಂಡಸರೆಲ್ಲ ಹೀಗೇ” ಅಂತ ನನ್ನ ಕಡೆ ನೋಡಿದರು.

ಪೆನ್ಸಿಲ್‌ತುದಿ · ರಾತ್ರಿ 11:20

ನಾನು ಬೆಂಗಳೂರಿನಲ್ಲಿ ಅನಿಮೇಷನ್ ಕೆಲಸ ಮಾಡುವವನು. ಹದಿನಾಲ್ಕು ವರ್ಷವಾಯಿತು. ರಾತ್ರಿಪಾಳಿ ಅವರೇ, ನೀವು ಹೇಳಿದ್ದೆಲ್ಲ ಸರಿ, ಕಥೆ ಅಷ್ಟೇ. ಆದರೆ ಕಸ ಗುಡಿಸುವುದು, ಸೌತೆಕಾಯಿ ತಿನ್ನುವುದು ಅಂದಿರಲ್ಲ, ಈ ಸಿನಿಮಾ ಇರುವುದೇ ಅಲ್ಲಿ.

ಒಂದೇ ಒಂದು ಜಾಗ ಹೇಳುತ್ತೇನೆ, ಇನ್ನೊಮ್ಮೆ ಗಮನಿಸಿ ನೋಡಿ. ಮನೆಗೆ ಬಂದ ಮೊದಲ ದಿನ. ಸಾಮಾನು ಇಳಿಸುತ್ತಿದ್ದಾರೆ. ಸಾತ್ಸುಕಿಗೆ ಮನೆಯೊಳಗೆ ಹೋಗಬೇಕು, ಆದರೆ ಕಾಲಿನಲ್ಲಿ ಶೂ ಇದೆ. ಜಪಾನಿನಲ್ಲೂ ನಮ್ಮ ಹಾಗೆ ಚಪ್ಪಲಿ ಹಾಕಿಕೊಂಡು ಒಳಗೆ ಹೋಗಲ್ಲ. ಬಿಚ್ಚುವಷ್ಟು ತಾಳ್ಮೆ ಈ ಹುಡುಗಿಗಿಲ್ಲ. ಏನು ಮಾಡುತ್ತಾಳೆ? ಪಾದ ನೆಲಕ್ಕೆ ತಾಗದ ಹಾಗೆ ಎತ್ತಿಕೊಂಡು ಮಂಡಿಯ ಮೇಲೆ ದಡದಡ ಹೋಗುತ್ತಾಳೆ. ಹಿಂದೆಯೇ ಮೇಯಿ, ಅದೇ ಥರ. ಕೆಲವೇ ಸೆಕೆಂಡು. ಇದನ್ನು ಯಾರೂ ವಿವರಿಸಲ್ಲ, ಕ್ಯಾಮರಾ ಹತ್ತಿರ ಹೋಗಲ್ಲ. ಆದರೆ ಅಷ್ಟರಲ್ಲೇ ನಿಮಗೆ ಮೂರು ವಿಷಯ ಗೊತ್ತಾಗಿ ಹೋಯಿತು: ಈ ಹುಡುಗಿಗೆ ಆತುರ ಜಾಸ್ತಿ, ಮನೆಯಲ್ಲಿ ಶಿಸ್ತು ಕಲಿಸಿದ್ದಾರೆ, ತಂಗಿ ಅಕ್ಕನ ಬಾಲ.

ನನ್ನ ಅಕ್ಕ ಬಾಗಿಲಲ್ಲಿ ಚಪ್ಪಲಿ ಬಿಚ್ಚಲು ಸೋಮಾರಿತನ ಮಾಡಿ ಇದನ್ನೇ ಮಾಡುತ್ತಿದ್ದಳು. ಅಜ್ಜಿಯ ಕೈಲಿ ಬೈಸಿಕೊಳ್ಳುತ್ತಿದ್ದಳು. ನಾನೂ ಬೈಸಿಕೊಳ್ಳುತ್ತಿದ್ದೆ, ಯಾಕೆಂದರೆ ನಾನೂ ಹಿಂದೆಯೇ ಹೋಗುತ್ತಿದ್ದೆ.

ಇದು ಕೈಯಲ್ಲಿ ಬರೆದ ಸಿನಿಮಾ ಅನ್ನುವುದು ನೆನಪಿರಲಿ. ಮಂಡಿಯಲ್ಲಿ ಓಡುವುದನ್ನು ಬರೆಯುವುದು ನಡೆಯುವುದಕ್ಕಿಂತ ಕಷ್ಟ. ಮೈಭಾರ ಎಲ್ಲಿ ಬೀಳುತ್ತದೆ, ಕೈ ಎಲ್ಲಿ ಊರುತ್ತದೆ, ಎಲ್ಲ ಲೆಕ್ಕ ಹಾಕಬೇಕು. ಕಥೆಗೆ ಅದರಿಂದ ಏನೂ ಲಾಭವಿಲ್ಲ. ಯಾವ ಪ್ರೊಡ್ಯೂಸರ್ ಇದ್ದರೂ ‘ಇದು ಬೇಡ, ನೇರವಾಗಿ ಒಳಗೆ ಹೋಗಲಿ’ ಅಂತಾನೆ. ನಮಗೂ ದಿನಾ ಹಾಗೇ ಹೇಳುತ್ತಾರೆ.

ಇದರ ಜೊತೆಗೆ ಕಝುವೊ ಒಗಾ ಅವರ ಹಿನ್ನೆಲೆ ಚಿತ್ರಗಳು. ಇವರೇ ಕಲಾ ನಿರ್ದೇಶಕ. ಗದ್ದೆಯ ಬದು, ಹಸಿರಿನಲ್ಲಿ ಹತ್ತು ಥರ, ಮಧ್ಯಾಹ್ನ ಮೂರಕ್ಕೂ ಸಂಜೆ ಐದಕ್ಕೂ ಬೇರೆ ಬೇರೆ ಬೆಳಕು. ಜಾಗ ನಿಜ, ಮಕ್ಕಳ ಓಡಾಟ ನಿಜ. ಅದಕ್ಕೇ ಟೊಟೊರೊ ಬಂದಾಗ ಅದನ್ನೂ ನಂಬಿಬಿಡುತ್ತೀರಿ. ಈಗಿನ ಎಷ್ಟೋ ಫ್ಯಾಂಟಸಿ ಸಿನಿಮಾಗಳಲ್ಲಿ ರಾಕ್ಷಸನನ್ನು ಚೆನ್ನಾಗಿ ಮಾಡಿರುತ್ತಾರೆ, ಮನೆ ಅಡುಗೆಮನೆ ಮಾತ್ರ ಸುಳ್ಳು.

ರಾತ್ರಿಪಾಳಿ · ರಾತ್ರಿ 11:34

ಮಂಡಿ ವಿಷಯ ನಾನು ಗಮನಿಸಿರಲಿಲ್ಲ, ಒಪ್ಪಿದೆ. ಆದರೂ ಮಂಡಿ ನೋಡಲು 86 ನಿಮಿಷ ಕೂರಬೇಕಾ ಅನ್ನುವುದು ನನ್ನ ಪ್ರಶ್ನೆ.

ಹೊಸನಗರದ_ಹೆಣ್ಮಗಳು · ಸೋಮವಾರ, ಬೆಳಿಗ್ಗೆ 6:40

ಬಸ್ ಸ್ಟಾಪಿನಲ್ಲಿ ಮಲಗಿಬಿಟ್ಟಿರಾ! ಪಾಪ. ಅದೇ ಇಡೀ ಸಿನಿಮಾದ ಮುಕುಟ ಕಣ್ರೀ.

ಅಪ್ಪ ಕೊಡೆ ಬಿಟ್ಟು ಹೋಗಿದ್ದಾನೆ. ಕೊಡೆ ಕೊಡೋಣ ಅಂತ ಅಕ್ಕತಂಗಿ ಬಂದು ಕಾಯುತ್ತಿದ್ದಾರೆ. ಬಸ್ಸು ಬಂತು, ಅಪ್ಪ ಇಳಿಯಲಿಲ್ಲ. ಕತ್ತಲಾಯಿತು. ಮೇಯಿಗೆ ನಿಂತಲ್ಲೇ ತೂಕಡಿಕೆ, ಅಕ್ಕ ಅವಳನ್ನು ಬೆನ್ನಿಗೆ ಹಾಕಿಕೊಂಡಳು. ಈಗ ಒಂದು ಕೈಯಲ್ಲಿ ಕೊಡೆ, ಬೆನ್ನ ಮೇಲೆ ಮಗು. ಬಹುಪಾಲು ಮಳೆಯ ಸದ್ದೇ. ಆಗ ಪಕ್ಕದಲ್ಲಿ ಪಚಕ್ ಪಚಕ್ ಹೆಜ್ಜೆ. ಕೊಡೆಯ ಅಂಚಿನ ಕೆಳಗಿಂದ ಅವಳಿಗೆ ಕಾಣುವುದು ಬರೀ ಉಗುರಿರುವ ಪಾದ.

ತಲೆಯ ಮೇಲೆ ಒಂದು ಎಲೆ ಇಟ್ಟುಕೊಂಡು ಟೊಟೊರೊವೂ ಬಸ್ಸಿಗೆ ಕಾಯುತ್ತಿದೆ! ಇವಳು ಅಪ್ಪನ ಕೊಡೆ ಕೊಡುತ್ತಾಳೆ. ಅದಕ್ಕೆ ಕೊಡೆ ಅಂದರೆ ಏನು ಅಂತ ಗೊತ್ತಿಲ್ಲ. ಮರದಿಂದ ಹನಿ ಕೊಡೆಯ ಮೇಲೆ ಬಿತ್ತು, ಟಪ್. ಅದರ ಕಣ್ಣು ಅಗಲವಾಯಿತು. ಇನ್ನೂ ಎರಡು ಹನಿ. ಖುಷಿ ತಡೆಯಲಾರದೆ ಎಗರಿ ಧೊಪ್ಪಂತ ಬಿತ್ತು ನೋಡಿ, ಮರಗಳ ಮೇಲಿದ್ದ ನೀರೆಲ್ಲ ಒಂದೇ ಸಲ ಸುರಿಯಿತು.

ನಾನು ಹುಟ್ಟಿ ಬೆಳೆದಿದ್ದು ಮಳೆಯ ಊರು. ಜೂನ್‌ನಿಂದ ಕೊಡೆ ಕೈ ಬಿಟ್ಟಿದ್ದಿಲ್ಲ. ಮಳೆ ನಿಂತ ಮೇಲೂ ಮರದಡಿ ನಡೆದರೆ ಕೊಡೆಯ ಮೇಲೆ ಬೀಳುವ ಆ ದಪ್ಪ ಹನಿಯ ಸದ್ದು ಇದೆಯಲ್ಲ, ಮಳೆಯ ಸದ್ದಿಗಿಂತ ಬೇರೆ ಅದು. ಅದನ್ನು ಒಬ್ಬ ನಿರ್ದೇಶಕ ಕಿವಿಗೊಟ್ಟು ಕೇಳಿ, ಅದನ್ನೇ ತಮಾಷೆ ಮಾಡಿದ್ದಾನಲ್ಲ ಅಂತ ನನಗೆ ಮೈ ಜುಮ್ಮೆಂದಿತು.

ಇನ್ನೊಂದು ಮಾತು. ಟೊಟೊರೊ ಇರುವ ಆ ಕರ್ಪೂರದ ಮರಕ್ಕೆ ಹುಲ್ಲಿನ ಹಗ್ಗ ಸುತ್ತಿರುತ್ತಾರೆ. ಜಪಾನಿನಲ್ಲಿ ‘ಶಿಮೆನಾವಾ’ ಅಂತಾರೆ, ಇದು ದೇವರ ಜಾಗ ಅನ್ನುವ ಗುರುತು. ನಮ್ಮಲ್ಲಿ ಚೌಡಿ ಬನ ಇದ್ದ ಹಾಗೆ ಅಂತ ಮೊದಲು ಅನ್ನಿಸಿತು. ಆದರೆ ನಮ್ಮ ಚೌಡಿಗೆ ಹೆದರಬೇಕು. ಬನದ ಒಣಕಡ್ಡಿ ಮುಟ್ಟಿದರೂ ಅಜ್ಜಿ ಬೆನ್ನಿಗೆ ಬಾರಿಸುತ್ತಿದ್ದರು. ಟೊಟೊರೊಗೆ ಹರಕೆ ಇಲ್ಲ, ಕೋಪ ಇಲ್ಲ. ಹೊಟ್ಟೆಯ ಮೇಲೆ ಮಗು ಬಂದು ಬಿದ್ದರೂ ಆಕಳಿಸುತ್ತದೆ.

ಮೂರುಮಕ್ಕಳತಾಯಿ · ಬೆಳಿಗ್ಗೆ 9:15

ಅಪ್ಪನನ್ನು ಬೈಯುವವರಿಗೆ ನನ್ನದೊಂದು ಆಕ್ಷೇಪಣೆ. ಅವನು ಮಗುವನ್ನು ನೋಡಿಕೊಳ್ಳುವುದರಲ್ಲಿ ಹಿಂದೆ, ಸರಿ. ಬುತ್ತಿ ಕಟ್ಟುವುದನ್ನೂ ಮರೆಯುತ್ತಾನೆ, ಪಾಪ ಆ ಹುಡುಗಿ ಎದ್ದು ಎಲ್ಲರಿಗೂ ಬುತ್ತಿ ಕಟ್ಟುತ್ತಾಳೆ. ಆದರೆ ಮೇಯಿ ‘ಟೊಟೊರೊ ನೋಡಿದೆ’ ಅಂತ ಬಂದು ಹೇಳಿದಾಗ ಅವನು ಏನು ಮಾಡುತ್ತಾನೆ ನೋಡಿ. ತೋರಿಸಲು ಕರೆದುಕೊಂಡು ಹೋದರೆ ದಾರಿಯೇ ಮಾಯ. ಅಕ್ಕ ಅಪ್ಪ ಇಬ್ಬರಿಗೂ ನಗು. ಮೇಯಿ ಕೆರಳುತ್ತಾಳೆ, ‘ಸುಳ್ಳಲ್ಲ’ ಅಂತ. ಅಪ್ಪ ಆಗ ನಗು ನಿಲ್ಲಿಸಿ, ನೀನು ಸುಳ್ಳು ಹೇಳ್ತಿದ್ದೀಯ ಅಂತ ನಮಗೆ ಅನ್ನಿಸಿಲ್ಲ, ನೀನು ಕಾಡಿನ ಒಡೆಯನನ್ನೇ ನೋಡಿರಬೇಕು, ಅದು ಯಾವಾಗಲೂ ಸಿಗಲ್ಲ ಅನ್ನುವ ಅರ್ಥದಲ್ಲಿ ಹೇಳುತ್ತಾನೆ. ಆಮೇಲೆ ಮರದ ಹತ್ತಿರ ಹೋಗಿ ಮೂವರೂ ತಲೆಬಾಗಿ ನಮಸ್ಕರಿಸುತ್ತಾರೆ.

ನನ್ನ ಎರಡನೆಯವನು ಹೋದ ವರ್ಷ ಟೆರೇಸಿನ ಮೇಲೆ ಏನೋ ನೋಡಿದೆ ಅಂದಿದ್ದ. ಅಡುಗೆಮನೆಯಿಂದಲೇ ‘ಸುಳ್ಳು ಹೇಳ್ಬೇಡ, ಹಾಲು ಕುಡಿ’ ಅಂದೆ. ಏನು ನೋಡಿದ್ದ ಅಂತ ಇವತ್ತಿಗೂ ಗೊತ್ತಿಲ್ಲ. ಈ ಸಿನಿಮಾ ನೋಡಿದ ಮೇಲೆ ಕೇಳಿದೆ. “ಮರ್ತೋಯ್ತು” ಅಂದ.

ಮಕ್ಕಳಿಗೆ ಈ ಸಿನಿಮಾ ಯಾಕೆ ಹಿಡಿಸುತ್ತದೆ ಅಂದರೆ, ಇದರಲ್ಲಿ ಅವರನ್ನು ಯಾರೂ ‘ಸುಮ್ನೆ ಹೇಳ್ತಿದ್ದೀಯ’ ಅನ್ನಲ್ಲ. ಪಕ್ಕದ ಮನೆಯ ಅಜ್ಜಿಯೂ ಅಷ್ಟೆ. ಹಳೇ ಮನೆಯಲ್ಲಿ ಓಡಾಡುವ ಮಸಿಯ ಉಂಡೆಗಳನ್ನು ಕಂಡೆವು ಅಂತ ಮಕ್ಕಳು ಅಂದರೆ, ‘ಓ, ಅವಾ! ನಾನು ಚಿಕ್ಕವಳಿದ್ದಾಗ ನನಗೂ ಕಾಣ್ತಿದ್ವು’ ಅನ್ನುತ್ತಾಳೆ.

ಗುಮ್ಮ · ಮಧ್ಯಾಹ್ನ 1:02

ನಿಮಗೆಲ್ಲ ನಿಜ ಗೊತ್ತಿಲ್ಲ. ಟೊಟೊರೊ ಅಂದರೆ ಸಾವಿನ ದೇವರು. ಇಬ್ಬರೂ ಹುಡುಗಿಯರು ಸತ್ತಿರುತ್ತಾರೆ. ಕೊನೆಯ ಸೀನಿನಲ್ಲಿ ಅವರಿಗೆ ನೆರಳೇ ಇಲ್ಲ, ಗಮನಿಸಿ. 1963ರಲ್ಲಿ ಸಯಾಮಾದಲ್ಲಿ ನಡೆದ ಒಂದು ಕೊಲೆ ಪ್ರಕರಣದ ಮೇಲೆ ಮಾಡಿದ ಸಿನಿಮಾ ಇದು. ಯೂಟ್ಯೂಬಿನಲ್ಲಿ ವಿಡಿಯೊ ಇದೆ.

ತೋಕ್ಯೋ_ಕನ್ನಡತಿ · ಮಧ್ಯಾಹ್ನ 2:26

ಗುಮ್ಮ ಅವರೇ, ಇದು ಇಲ್ಲಿ ಜಪಾನಿನಲ್ಲೇ ಹುಟ್ಟಿದ ಹಳೇ ಪುಕಾರು. ಎಷ್ಟು ಹಬ್ಬಿತೆಂದರೆ 2007ರಲ್ಲಿ ಈ ಸಿನಿಮಾ ಮಾಡಿದ ಸ್ಟುಡಿಯೊ ಜಿಬ್ಲಿಯೇ ‘ಹಾಗೇನೂ ಇಲ್ಲ’ ಅಂತ ಹೇಳಬೇಕಾಯಿತು. ನೆರಳು ಬರೆಯುವ ಅಗತ್ಯ ಕಾಣಲಿಲ್ಲ, ಬಿಟ್ಟರು, ಅಷ್ಟೇ ಕಾರಣ. ಕೊನೆಯ ಹೆಸರುಗಳು ಬರುವಾಗ ಟಿವಿ ಆರಿಸದೆ ನೋಡಿ. ಅಮ್ಮ ಮನೆಗೆ ಬಂದಿದ್ದಾಳೆ. ಮಕ್ಕಳನ್ನು ಪಕ್ಕ ಮಲಗಿಸಿಕೊಂಡು ಪುಸ್ತಕ ಓದುತ್ತಿದ್ದಾಳೆ. ಅದರಲ್ಲೇ ಒಂದು ಗುಟ್ಟಿದೆ: ಆ ಪುಸ್ತಕ ಮೂರು ಮೇಕೆಗಳ ಕಥೆ, ಸೇತುವೆ ಕೆಳಗೆ ‘ಟ್ರೋಲ್’ ಇರುತ್ತದಲ್ಲ, ಅದು. ಮೇಯಿ ಆ ಪದವನ್ನು ಸರಿಯಾಗಿ ಹೇಳಲು ಬರದೆ ‘ಟೊಟೊರೊ’ ಅಂದಿದ್ದಾಳೆ. ಹೆಸರು ಬಂದಿದ್ದು ಹಾಗೆ.

ನಾನು ಟೋಕಿಯೊದ ಪಶ್ಚಿಮಕ್ಕೆ ಇರುವುದು, ಹನ್ನೊಂದು ವರ್ಷವಾಯಿತು. ಸಿನಿಮಾದ ಜಾಗ ನಮ್ಮ ಮನೆಯಿಂದ ರೈಲಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಸೈತಾಮಾ ಪ್ರಾಂತ್ಯದ ತೊಕೊರೊಜಾವಾ ಮತ್ತು ಪಕ್ಕದ ಸಯಾಮಾ ಗುಡ್ಡಗಳು. ಮಿಯಾಜಾಕಿ ಅವರ ಮನೆ ಇರುವುದೂ ತೊಕೊರೊಜಾವಾದಲ್ಲೇ. ಊರು ಬೆಳೆದು ಗುಡ್ಡದ ಕಾಡು ಕರಗುತ್ತಾ ಬಂದಾಗ ಅಲ್ಲಿನ ಜನ 1990ರಲ್ಲಿ ಟೊಟೊರೊ ಹೆಸರಿನಲ್ಲೇ ಒಂದು ನಿಧಿ ಶುರು ಮಾಡಿದರು. ಚಂದಾ ಎತ್ತಿ ಕಾಡಿನ ತುಂಡುಗಳನ್ನು ಕೊಳ್ಳುವುದು, ಕಾಪಾಡುವುದು. ಮೊದಲ ತುಂಡು 1991ರಲ್ಲಿ. ಈಗ ಅಂಥವು 50ಕ್ಕೂ ಹೆಚ್ಚು, ‘ಟೊಟೊರೊ ಕಾಡು 1, 2, 3’ ಅಂತ ನಂಬರು ಹಾಕಿದ ಬೋರ್ಡು ಇರುತ್ತದೆ. ನಾನು ಮೊದಲ ಸಲ ಹೋದಾಗ ನಿರಾಸೆಯಾಯಿತು, ನಿಜ ಹೇಳಬೇಕೆಂದರೆ. ಸಿನಿಮಾದ ಆ ಭಾರಿ ಮರ ಎಲ್ಲೂ ಇಲ್ಲ. ಸಾಧಾರಣ ಓಕ್ ಮರಗಳು, ಕೆಳಗೆ ತರಗೆಲೆ, ಅಲ್ಲಲ್ಲಿ ಹೊಲ. ಒಂದು ಗಂಟೆ ನಡೆದ ಮೇಲೆ ಓಕ್ ಕಾಯಿ ಕಾಲಿಗೆ ಸಿಕ್ಕಿತು. ಟೊಟೊರೊ ದಾರಿಯುದ್ದಕ್ಕೂ ಚೆಲ್ಲಿಕೊಂಡು ಹೋಗುವ ಅದೇ ಕಾಯಿ. ಎರಡು ಜೇಬಿಗೆ ಹಾಕಿಕೊಂಡೆ.

ಇನ್ನೊಂದು ವಿಷಯ. ಸಿನಿಮಾದಲ್ಲಿ ಅಮ್ಮ ಇರುವ ಆಸ್ಪತ್ರೆಯ ಹೆಸರು ‘ಶಿಚಿಕೊಕುಯಾಮಾ’. ಏಳು ನಾಡಿನ ಗುಡ್ಡ ಅಂತ ಅರ್ಥ ಬರುತ್ತದೆ. ತೊಕೊರೊಜಾವಾ ಪಕ್ಕದಲ್ಲಿ ನಿಜವಾಗಿ ಇರುವುದು ‘ಹಚಿಕೊಕುಯಾಮಾ’, ಎಂಟು ನಾಡಿನ ಗುಡ್ಡ. ಅದರ ಬುಡದಲ್ಲಿ ಹಿಂದೆ ಕ್ಷಯರೋಗಿಗಳ ಆಸ್ಪತ್ರೆ ಇತ್ತು. ಕಾಯಿಲೆ ಯಾವುದು ಅಂತ ಸಿನಿಮಾದಲ್ಲಿ ಬಾಯಿಬಿಟ್ಟು ಹೇಳಲ್ಲ. ಆದರೆ ಆ ಕಾಲದ ಜಪಾನಿನವರಿಗೆ ಹೇಳುವ ಅಗತ್ಯವೂ ಇರಲಿಲ್ಲ. ಮಿಯಾಜಾಕಿ ಅವರ ತಾಯಿಗೇ ಬೆನ್ನುಮೂಳೆಯ ಕ್ಷಯ ಆಗಿತ್ತು. ಅವರು ಚಿಕ್ಕವರಿದ್ದಾಗ ತಾಯಿ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು.

ಗುಮ್ಮ · ಮಧ್ಯಾಹ್ನ 2:40

ಸರಿ ಅಕ್ಕ. ವಿಡಿಯೊದವನು ಕ್ರೆಡಿಟ್ಸ್ ನೋಡಿಲ್ಲ ಅನ್ಸುತ್ತೆ. ನಾನೂ ನೋಡಿರಲಿಲ್ಲ.

ರಾತ್ರಿಪಾಳಿ · ಮಧ್ಯಾಹ್ನ 3:10

ಈಗ ಒಂದು ಮಾತು ಅರ್ಥವಾಯಿತು. ಕಥೆ ಇಲ್ಲ ಅಂದೆನಲ್ಲ, ತಪ್ಪು. ಕಥೆ ಇದೆ, ಅದನ್ನು ಮಕ್ಕಳಿಂದ ಮುಚ್ಚಿಟ್ಟಿದ್ದಾರೆ. ಅಮ್ಮ ವಾಪಸ್ ಬರುತ್ತಾಳಾ ಇಲ್ಲವಾ, ಅದೇ ಕಥೆ. ದೊಡ್ಡವರಿಗೆ ಅದು ಮೊದಲ ಹತ್ತು ನಿಮಿಷದಲ್ಲೇ ಹೊಳೆಯಬೇಕು. ನಾನು ದೊಡ್ಡವನೇ, ಹೊಳೆಯಲಿಲ್ಲ.

ಆದರೂ ನಿಧಾನ ನಿಧಾನವೇ.

ಕಾಫಿಪುಡಿ · ಮಧ್ಯಾಹ್ನ 3:22

ಮಕ್ಕಳಿಂದ ಎಲ್ಲಿ ಮುಚ್ಚಿಟ್ಟಿದ್ದಾರೆ? ಸಾತ್ಸುಕಿಗೆ ಚೆನ್ನಾಗಿ ಗೊತ್ತು. ಆಸ್ಪತ್ರೆಯಿಂದ ಟೆಲಿಗ್ರಾಂ ಬಂದ ದಿನ ಅವಳು ಅಜ್ಜಿಯ ಮುಂದೆ ಕುಸಿದು ಅಳುತ್ತಾಳಲ್ಲ, ಅಮ್ಮ ಸತ್ತು ಹೋದರೆ ಏನು ಮಾಡಲಿ ಅಂತ? ಅಲ್ಲಿಯವರೆಗೂ ಅವಳು ಅತ್ತೇ ಇಲ್ಲ. ಮನೆಯ ದೊಡ್ಡ ಮಗಳು ನೋಡಿ, ಅವಳಿಗೆ ಅಳಲು ಪುರುಸೊತ್ತೆಲ್ಲಿ.

ಹೊಸನಗರದ_ಹೆಣ್ಮಗಳು · ಮಧ್ಯಾಹ್ನ 3:41

ಕಾಫಿಪುಡಿ, ಇದನ್ನು ಬರೆದು ನನ್ನ ಮಧ್ಯಾಹ್ನದ ಕೆಲಸ ಕೆಡಿಸಿದಿರಿ. ನಾನೂ ದೊಡ್ಡ ಮಗಳು.

ಪೆನ್ಸಿಲ್‌ತುದಿ · ಸಂಜೆ 5:55

ಮೊದಲು ಮಿಯಾಜಾಕಿ ಒಬ್ಬಳೇ ಹುಡುಗಿ ಅಂತ ಯೋಚಿಸಿದ್ದು, ಆಮೇಲೆ ಅವಳನ್ನು ಇಬ್ಬರಾಗಿ ಒಡೆದರು. ಪೋಸ್ಟರ್ ನೋಡಿ: ಬಸ್ ಸ್ಟಾಪಿನಲ್ಲಿ ಟೊಟೊರೊ ಪಕ್ಕ ನಿಂತಿರುವುದು ಒಬ್ಬಳೇ. ಅವಳು ಸಾತ್ಸುಕಿಯೂ ಅಲ್ಲ, ಮೇಯಿಯೂ ಅಲ್ಲ. ಹೆಸರಿನಲ್ಲೂ ಅದೇ ಆಟ. ‘ಸಾತ್ಸುಕಿ’ ಅಂದರೆ ಜಪಾನಿನ ಹಳೇ ಲೆಕ್ಕದಲ್ಲಿ ಐದನೇ ತಿಂಗಳು, ‘ಮೇಯಿ’ ಅಂದರೆ ಇಂಗ್ಲಿಷಿನ ಮೇ.

ಈ ಒಡೆದದ್ದೇ ದೊಡ್ಡ ಉಪಕಾರ ಅಂತ ನನ್ನ ಲೆಕ್ಕ. ಒಬ್ಬಳೇ ಇದ್ದಿದ್ದರೆ ಒಂದು ಮಗು ಮತ್ತು ಅದರ ಮ್ಯಾಜಿಕ್ ಗೆಳೆಯ, ಅಂಥವು ಸಾವಿರ ಇವೆ. ಇಬ್ಬರಾದ ಕೂಡಲೇ ಏನಾಯಿತು? ಪುಟ್ಟವಳಿಗೆ ಭಯ ಅಂದರೆ ಅಕ್ಕ ಪಕ್ಕದಲ್ಲಿಲ್ಲದಿರುವುದು. ದೊಡ್ಡವಳಿಗೆ ಭಯ ಅಂದರೆ ಟೆಲಿಗ್ರಾಂ. 5 ವರ್ಷದವಳು ಮೇಯಿಯ ಸಿನಿಮಾ ನೋಡುತ್ತಾಳೆ. ಹತ್ತು ಹನ್ನೆರಡರವರು ಸಾತ್ಸುಕಿಯ ಸಿನಿಮಾ ನೋಡುತ್ತಾರೆ. ಮಕ್ಕಳಾದ ಮೇಲೆ ನೋಡಿದರೆ ಅದು ಹಾಸಿಗೆಯ ಮೇಲಿನ ಅಮ್ಮನ ಸಿನಿಮಾ. ಆಕೆ ಮಗಳ ತಲೆ ಬಾಚುವ ಜಾಗ ಇದೆಯಲ್ಲ, ನನಗೆ ಮದುವೆಗೆ ಮುಂಚೆ ಅದು ಕಂಡೇ ಇರಲಿಲ್ಲ.

ಅಂದ ಹಾಗೆ, ಈ ಸಿನಿಮಾ ಮೊದಲು ಬಿಡುಗಡೆಯಾಗಿದ್ದು 1988ರ ಏಪ್ರಿಲ್ 16ಕ್ಕೆ. ಜೊತೆಗೆ ಅದೇ ಟಿಕೆಟ್ಟಿನಲ್ಲಿ ಇನ್ನೊಂದು ಸಿನಿಮಾ: ಇಸಾವೊ ತಕಹಾತಾ ಅವರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’. ಅದನ್ನು ನೋಡಿದವರಿಗೆ ಗೊತ್ತು. 1945, ಬಾಂಬ್ ದಾಳಿ, ತಾಯಿ ಇಲ್ಲದ ಅಣ್ಣ ತಂಗಿ, ಹಸಿವು. ಮಕ್ಕಳನ್ನು ಕರೆದುಕೊಂಡು ಟೊಟೊರೊ ನೋಡಲು ಹೋದವರ ಗತಿ ಊಹಿಸಿಕೊಳ್ಳಿ. ಥಿಯೇಟರಿನಲ್ಲಿ ಅಂಥ ದುಡ್ಡೇನೂ ಬರಲಿಲ್ಲ. ಮರುವರ್ಷ ಟಿವಿಯಲ್ಲಿ ಬಂದ ಮೇಲೆ, ಬೊಂಬೆ ಮಾರಾಟ ಶುರುವಾದ ಮೇಲೆ ಅದು ಮನೆಮನೆಯದಾಯಿತು. ಈಗ ಜಿಬ್ಲಿಯ ಲಾಂಛನವೇ ಟೊಟೊರೊ.

ಮೂರುಮಕ್ಕಳತಾಯಿ · ಸಂಜೆ 6:30

ಯಾವ ಭಾಷೆಯಲ್ಲಿ ನೋಡುವುದು ಒಳ್ಳೆಯದು? ನಮ್ಮ ಚಿಕ್ಕವಳಿಗೆ ಓದಲು ಬರಲ್ಲ.

ತೋಕ್ಯೋ_ಕನ್ನಡತಿ · ಸಂಜೆ 6:44

ಓದಲು ಬರದಿದ್ದರೆ ಇಂಗ್ಲಿಷ್ ಡಬ್ಬಿಂಗೇ ಸರಿ, ಮೇಡಂ. ಡಿಸ್ನಿ ಮಾಡಿಸಿದ ಡಬ್ಬಿಂಗಿನಲ್ಲಿ ಅಕ್ಕತಂಗಿಗೆ ದನಿ ಕೊಟ್ಟಿದ್ದು ಡಕೋಟಾ ಫ್ಯಾನಿಂಗ್, ಎಲ್ ಫ್ಯಾನಿಂಗ್. ನಿಜವಾದ ಅಕ್ಕತಂಗಿ. ಆದರೆ ಯಾವತ್ತಾದರೂ ಜಪಾನಿ ಭಾಷೆಯಲ್ಲೂ ಕೇಳಿ. ಅಪ್ಪನ ದನಿ ಒಂಥರಾ ಸಪ್ಪೆ ಅನ್ನಿಸುತ್ತದೆ, ಯಾಕೆಂದರೆ ಅವರು ನಟರೇ ಅಲ್ಲ. ಶಿಗೆಸಾತೊ ಇತೊಯಿ, ಜಾಹೀರಾತು ಬರೆಯುವವರು. ಆ ಸಪ್ಪೆತನವೇ ಚೆನ್ನ. ಮನೆಯಲ್ಲಿ ಅಪ್ಪಂದಿರು ಹಾಗೇ ಮಾತಾಡುವುದು.

ಇನ್ನು ಟೋಕಿಯೊಗೆ ಬಂದರೆ ಮಿತಾಕಾದ ಜಿಬ್ಲಿ ಮ್ಯೂಸಿಯಂ ನೋಡಿ. ಮುಂಚೆಯೇ ಟಿಕೆಟ್ ಮಾಡಿಸಿರಬೇಕು, ಬಾಗಿಲಲ್ಲಿ ಸಿಗಲ್ಲ. ಒಳಗೆ ಬೆಕ್ಕಿನ ಬಸ್ಸು ಇದೆ, ಹತ್ತಿ ಕುಣಿಯಬಹುದು. ಆದರೆ ಮಕ್ಕಳಿಗೆ ಮಾತ್ರ. ನನ್ನ ಮಗ ಒಳಗೆ, ನಾನು ಹೊರಗೆ ಅವನ ಶೂ ಹಿಡಿದುಕೊಂಡು. ಪಕ್ಕದಲ್ಲಿ ಇನ್ನೂ ಹತ್ತು ಜನ ಅಪ್ಪ ಅಮ್ಮಂದಿರು, ಎಲ್ಲರ ಮುಖದಲ್ಲೂ ಒಂದೇ ಆಸೆ.

ಕಾಫಿಪುಡಿ · ಸಂಜೆ 6:50

ನಮ್ಮ ಸೋಫಾಕ್ಕೆ ಬನ್ನಿ. ಬಿಸ್ಕತ್ತು ತನ್ನಿ ಸಾಕು.

ಒಂಟಿಕೊಪ್ಪಲು_ಹುಡುಗ · ಮಂಗಳವಾರ, ರಾತ್ರಿ 10:15

ಎರಡು ದಿನ ಎಲ್ಲ ಓದುತ್ತಿದ್ದೆ. ತೋಕ್ಯೋ_ಕನ್ನಡತಿ ಅವರ ಕ್ಷಯದ ಆಸ್ಪತ್ರೆ ವಿಷಯ ಓದಿದ ಮೇಲೆ ತಲೆಯಲ್ಲಿ ಏನೋ ಕೊರೆಯಿತು. ಇವತ್ತು ಊಟ ಆದ ಮೇಲೆ ಅಮ್ಮನನ್ನು ಕೇಳಿದೆ, ಅವತ್ತು ಸ್ಕೂಲ್ ಸೀನಿನಲ್ಲಿ ಯಾಕೆ ಅತ್ತಿದ್ದು ಅಂತ.

ಮೊದಲು “ಏನಿಲ್ಲ ಬಿಡು” ಅಂದರು. ಅಡಿಕೆ ಕತ್ತರಿಸುತ್ತಾ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ತಾವೇ ಶುರು ಮಾಡಿದರು.

ಅಮ್ಮನಿಗೆ ಒಂಬತ್ತು ವರ್ಷ ಇದ್ದಾಗ ನಮ್ಮ ಅಜ್ಜಿಗೆ ಟಿ.ಬಿ. ಆಗಿತ್ತಂತೆ. ಎಂಟು ತಿಂಗಳು ಆಸ್ಪತ್ರೆ. ತಾತ ಬೆಳಿಗ್ಗೆ ಹೋದರೆ ರಾತ್ರಿ ಬರುವುದು. ಮನೆಯಲ್ಲಿ ಅಮ್ಮ, ನಾಲ್ಕು ವರ್ಷದ ಚಿಕ್ಕಮ್ಮ. ಪಕ್ಕದ ಮನೆಯವರ ಹತ್ತಿರ ಚಿಕ್ಕಮ್ಮನನ್ನು ಬಿಟ್ಟು ಅಮ್ಮ ಸ್ಕೂಲಿಗೆ ಹೋಗುತ್ತಿದ್ದರಂತೆ. ಒಂದು ದಿನ ಆ ಮನೆಯಾಕೆ ಚಿಕ್ಕಮ್ಮನನ್ನು ಎತ್ತಿಕೊಂಡು ಸ್ಕೂಲಿಗೇ ಬಂದರಂತೆ, ಬೆಳಗಿನಿಂದ ಅಳು ನಿಲ್ಲಿಸಿಲ್ಲ ಅಂತ. ಮೇಷ್ಟ್ರು ಬೈಯಲಿಲ್ಲ. ಮಣೆಯ ತುದಿಯಲ್ಲಿ ಕೂರಿಸಿಕೋ ಅಂದರಂತೆ. ಅಮ್ಮ ತನ್ನ ಸ್ಲೇಟು ಬಳಪ ಕೊಟ್ಟರು. ಚಿಕ್ಕಮ್ಮ ಸಂಜೆತನಕ ಸ್ಲೇಟಿನ ತುಂಬ ಸೊನ್ನೆ ಬರೆದರು.

ಇಷ್ಟು ವರ್ಷದಲ್ಲಿ ಇದನ್ನು ನಾನು ಒಂದು ಸಲವೂ ಕೇಳಿಲ್ಲ. ಅಜ್ಜಿಗೆ ‘ಹುಷಾರಿರಲಿಲ್ಲ’ ಅಂತ ಮಾತ್ರ ಗೊತ್ತಿತ್ತು. ಆಗ ಟಿ.ಬಿ. ಅಂತ ಬಾಯಿಬಿಟ್ಟು ಹೇಳುತ್ತಿರಲಿಲ್ಲವಂತೆ. ಹೇಳಿದರೆ ಆ ಮನೆ ಹೆಣ್ಣುಮಕ್ಕಳಿಗೆ ಗಂಡು ಸಿಗಲ್ಲ ಅಂತ ಭಯ.

“ಅವರೇನು ನಮ್ಮ ಮನೆ ನೋಡ್ಕೊಂಡು ಹೋಗಿ ತೆಗೆದಿದಾರಾ?” ಅಂತ ಕೇಳಿದರು. ನಾನು ಏನು ಹೇಳಲಿ. ಮಿಯಾಜಾಕಿ ಅವರ ತಾಯಿಯ ಕಥೆ ಹೇಳಿದೆ. “ಹಂಗಾದ್ರೆ ಸರಿ” ಅಂದು ಅಡಿಕೆ ಡಬ್ಬಿ ಮುಚ್ಚಿದರು.

ಚಿಕ್ಕಮ್ಮನಿಗೆ ಫೋನ್ ಮಾಡಿ ಕೇಳಿದೆ. ಅವರಿಗೆ ಇದು ಯಾವುದೂ ನೆನಪಿಲ್ಲ. ಸೊನ್ನೆ ಬರೆದಿದ್ದೂ ಇಲ್ಲ.

ಪೆನ್ಸಿಲ್‌ತುದಿ · ರಾತ್ರಿ 10:31

…

ಹೊಸನಗರದ_ಹೆಣ್ಮಗಳು · ರಾತ್ರಿ 10:40

ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಅಜ್ಜಿ ಗುಣವಾಗಿ ಬಂದರಲ್ಲ?

ಒಂಟಿಕೊಪ್ಪಲು_ಹುಡುಗ · ರಾತ್ರಿ 10:44

ಬಂದರು. ಆಮೇಲೆ ಮೂವತ್ತೈದು ವರ್ಷ ಗಟ್ಟಿಮುಟ್ಟಾಗಿದ್ದರು. ನನ್ನನ್ನು ಸಾಕಿದ್ದೇ ಅವರು.

ರಾತ್ರಿಪಾಳಿ · ರಾತ್ರಿ 11:58

ಪಾಳಿ ಮಧ್ಯೆ ಮೊಬೈಲಿನಲ್ಲಿ ಮತ್ತೆ ಹಾಕಿದೆ. ಬಸ್ ಸ್ಟಾಪ್ ದಾಟಿದೆ. ಈಗಲೂ ನನಗೆ ಇದು ನಿಧಾನವೇ, ಮಾತು ಬದಲಾಯಿಸಲ್ಲ. ಆದರೆ ಕೊನೆಯಲ್ಲಿ ಒಂದು ಸಂದೇಹ. ಅಷ್ಟೆಲ್ಲ ಕಷ್ಟಪಟ್ಟು ಬೆಕ್ಕಿನ ಬಸ್ಸಿನಲ್ಲಿ ಆಸ್ಪತ್ರೆತನಕ ಹೋಗಿ, ಮಕ್ಕಳು ಅಮ್ಮನನ್ನು ಯಾಕೆ ಮಾತಾಡಿಸಲ್ಲ? ಹೊರಗೆ ಮರದ ಮೇಲೆ ಕೂತು ನೋಡಿ, ಕಿಟಕಿಯಲ್ಲಿ ಮುಸುಕಿನ ಜೋಳದ ತೆನೆ ಇಟ್ಟು ಬಂದುಬಿಡುತ್ತಾರೆ.

ಮೂರುಮಕ್ಕಳತಾಯಿ · ಬುಧವಾರ, ಬೆಳಿಗ್ಗೆ 7:20

ಅಮ್ಮ ನಗುತ್ತಿರುವುದು ಕಾಣಿಸಿತಲ್ಲ. ಅವರಿಗೆ ಬೇಕಾಗಿದ್ದು ಅಷ್ಟೇ. ಒಳಗೆ ಹೋಗಿದ್ದರೆ ಇಷ್ಟು ದೂರ ಇಬ್ಬರೇ ಹೇಗೆ ಬಂದಿರಿ ಅಂತ ಅಪ್ಪ ಕೇಳುತ್ತಿದ್ದ, ಬೆಕ್ಕಿನ ಬಸ್ಸು ಅಂತ ಹೇಳಬೇಕಾಗುತ್ತಿತ್ತು.

ಒಂಟಿಕೊಪ್ಪಲು_ಹುಡುಗ · ಬೆಳಿಗ್ಗೆ 8:05

ಇಲ್ಲಿ ರಾತ್ರಿಯಿಂದ ಮಳೆ. ಮಗಳು ಹಿತ್ತಲಿನಿಂದ ಒಂದು ದೊಡ್ಡ ಕೆಸುವಿನ ಎಲೆ ಕಿತ್ತು ತಲೆ ಮೇಲೆ ಇಟ್ಟುಕೊಂಡು ಗೇಟಿನ ಹತ್ತಿರ ನಿಂತಿದ್ದಾಳೆ. ಸ್ಕೂಲ್ ವ್ಯಾನ್ ಬೇಡವಂತೆ, ಬೇರೆ ಬಸ್ಸು ಬರುತ್ತದಂತೆ. ಅಮ್ಮ ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದಾರೆ, ಒಳಗೆ ಕರೆಯುತ್ತಲೂ ಇಲ್ಲ.

ಹೊಸನಗರದ_ಹೆಣ್ಮಗಳು · ಬೆಳಿಗ್ಗೆ 8:09

ಅಯ್ಯೋ, ಕೆಸುವಿನ ರಸ ಕತ್ತಿಗೆ ಇಳಿದರೆ ಇಡೀ ದಿನ ತುರಿಕೆ! ಬಾಳೆ ಎಲೆ ಕೊಡಿ ಮಗುವಿಗೆ.